ಅರ್ಧ ಸುತ್ತಿನ ಲೆಕ್ಕ: ಟರ್ಬೊ ಕಾರು ಮತ್ತು ಕೈಯಿಂದ ತಿರುಗಿಸುವ ಬೂಸ್ಟ್ ಕಂಟ್ರೋಲರ್

ಕಾಮರ್ಸ್ ಓದುವ ಹುಡುಗನಿಗೆ ಇಂಜಿನ್ ವಿಷಯ ಯಾಕೆ ಎಂದು ನೀವು ಕೇಳಬಹುದು. ನನ್ನ ಮಾಮು ಶಿವಮೊಗ್ಗದಲ್ಲಿ ಗ್ಯಾರೇಜ್ ನಡೆಸುತ್ತಾರೆ. ರಜೆಯಲ್ಲಿ ಅವರ ಬಿಲ್ ಪುಸ್ತಕ ಬರೆಯುವುದು ನನ್ನ ಕೆಲಸ. ಎರಡು ವರ್ಷದಿಂದ ಬಿಲ್ ಬರೆಯುತ್ತಾ ಬರೆಯುತ್ತಾ ಗ್ಯಾಸ್ಕೆಟ್, ಪಿಸ್ಟನ್ ರಿಂಗ್, ಟರ್ಬೊ ಎಂಬ ಪದಗಳು ಡೆಬಿಟ್, ಕ್ರೆಡಿಟ್‌ನಷ್ಟೇ ಪರಿಚಯವಾಗಿವೆ. ಈ ಬೇಸಿಗೆ ರಜೆಯಲ್ಲಿ ನಮ್ಮ ಮನೆಯದೇ ಒಂದು ಕಾರಿನ ಬಿಲ್ ಬರೆಯಬೇಕಾಗಿ ಬಂತು. ಆ ಬಿಲ್‌ಗೆ ಕಾರಣವಾದ ಸಾಮಾನು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಅದರ ಹೆಸರು ಮ್ಯಾನುವಲ್ ಬೂಸ್ಟ್ ಕಂಟ್ರೋಲರ್.

ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ನಾನು ತಡವಾಗಿ ಕಲಿತೆ. ನೀವು ಬೇಗ ಕಲಿಯಲಿ ಎಂದು ಈ ಲೇಖನ.

ಇಂಜಿನ್ ಕುಡಿಯುವುದು ಗಾಳಿ

ಕಾರು ಪೆಟ್ರೋಲ್‌ನಿಂದ ಓಡುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ತೂಕದ ಲೆಕ್ಕದಲ್ಲಿ ಇಂಜಿನ್ ಪೆಟ್ರೋಲ್‌ಗಿಂತ ಗಾಳಿಯನ್ನೇ ಹೆಚ್ಚು ಬಳಸುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು.

1.2 ಲೀಟರ್‌ನ ಒಂದು ಇಂಜಿನ್ ತೆಗೆದುಕೊಳ್ಳಿ. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ಪೂರ್ತಿ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 4,000 ಸುತ್ತು ತಿರುಗಿದರೆ 2,000 ಸಲ 1.2 ಲೀಟರ್, ಅಂದರೆ ನಿಮಿಷಕ್ಕೆ 2,400 ಲೀಟರ್ ಗಾಳಿ. ತೂಕದಲ್ಲಿ ಸುಮಾರು 2.8 ಕೆ.ಜಿ. ಅದರ ಜೊತೆ ಉರಿಸಬಹುದಾದ ಪೆಟ್ರೋಲ್ ಸುಮಾರು 190 ಗ್ರಾಂ ಮಾತ್ರ. ಇನ್ನಷ್ಟು ಶಕ್ತಿ ಬೇಕಾದರೆ ಇನ್ನಷ್ಟು ಪೆಟ್ರೋಲ್ ಸುರಿದರೆ ಸಾಲದು. ಅದಕ್ಕೆ ತಕ್ಕಷ್ಟು ಗಾಳಿಯೂ ಒಳಗೆ ಹೋಗಬೇಕು.

ಹೆಚ್ಚು ಗಾಳಿ ತುಂಬಲು ಎರಡು ದಾರಿ ಇವೆ. ಇಂಜಿನ್ನನ್ನೇ ದೊಡ್ಡದು ಮಾಡುವುದು ಒಂದು. ಚಿಕ್ಕ ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವುದು ಇನ್ನೊಂದು. ಎರಡನೆಯ ಕೆಲಸವನ್ನು ಟರ್ಬೊ ಮಾಡುತ್ತದೆ.

ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಟರ್ಬೊದಲ್ಲಿ ಒಂದೇ ಶಾಫ್ಟ್‌ನ ಎರಡು ತುದಿಗೆ ಎರಡು ಚಕ್ರಗಳಿವೆ. ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರ ಜೊತೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಇಂಜಿನ್‌ಗೆ ಕಳಿಸುತ್ತದೆ. ಈ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಈ ವಿಚಾರಕ್ಕೆ ಪೇಟೆಂಟ್ ಪಡೆದರು. ಅದು ಕೆಲಸಕ್ಕೆ ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1920ರ ದಶಕದಲ್ಲಿ ಜರ್ಮನಿಯ ಎರಡು ಪ್ರಯಾಣಿಕರ ಹಡಗುಗಳ ಡೀಸೆಲ್ ಇಂಜಿನ್‌ಗೆ ಇದನ್ನು ಅಳವಡಿಸಿದಾಗ 1,750 ಹಾರ್ಸ್‌ಪವರ್ ಇದ್ದದ್ದು 2,500ಕ್ಕೆ ಏರಿತು. ವ್ಯರ್ಥವಾಗಿ ಹೋಗುವುದನ್ನು ಮತ್ತೆ ದುಡಿಮೆಗೆ ಹಚ್ಚಿದ್ದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸ್ಕ್ರ್ಯಾಪ್ ಮಾರಿ ಬಂದ ಹಣವನ್ನೇ ಬಂಡವಾಳ ಮಾಡಿಕೊಂಡ ಹಾಗೆ.

ಕುಕ್ಕರಿನ ವೆಯ್ಟ್ ಮತ್ತು ವೇಸ್ಟ್‌ಗೇಟ್

ಇಲ್ಲೊಂದು ಸಮಸ್ಯೆ ಇದೆ. ಗಾಳಿ ಹೆಚ್ಚಾದರೆ ಹೊಗೆ ಹೆಚ್ಚು. ಹೊಗೆ ಹೆಚ್ಚಾದರೆ ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ. ಆಗ ಗಾಳಿ ಮತ್ತೂ ಹೆಚ್ಚು. ತಡೆಯುವವರಿಲ್ಲದಿದ್ದರೆ ಈ ಸುತ್ತು ಇಂಜಿನ್ ಅಥವಾ ಟರ್ಬೊ ಒಡೆಯುವವರೆಗೆ ನಡೆಯುತ್ತದೆ.

ತಡೆಯಲು ಇರುವುದು ವೇಸ್ಟ್‌ಗೇಟ್. ಹೊಗೆಯ ದಾರಿಯಲ್ಲಿರುವ ಒಂದು ಚಿಕ್ಕ ಬಾಗಿಲು ಅದು. ತೆರೆದರೆ ಹೊಗೆಯ ಒಂದು ಪಾಲು ಟರ್ಬೊ ಚಕ್ರವನ್ನು ಮುಟ್ಟದೆ ನೇರ ಸೈಲೆನ್ಸರ್‌ಗೆ ಹೋಗುತ್ತದೆ. ಬಾಗಿಲಿಗೆ ಒಂದು ಸಲಾಕೆ, ಸಲಾಕೆಯ ತುದಿಯಲ್ಲಿ ಡಬ್ಬಿಯಂಥ ಆಕ್ಚುಯೇಟರ್. ಡಬ್ಬಿಯೊಳಗೆ ಒಂದು ರಬ್ಬರ್ ಪರದೆ, ಒಂದು ಸ್ಪ್ರಿಂಗ್. ಸ್ಪ್ರಿಂಗ್ ಬಾಗಿಲನ್ನು ಮುಚ್ಚಿ ಹಿಡಿದಿರುತ್ತದೆ. ಟರ್ಬೊ ಒತ್ತಿದ ಗಾಳಿಯಲ್ಲಿ ಸ್ವಲ್ಪ ಒಂದು ಸಣ್ಣ ರಬ್ಬರ್ ಟ್ಯೂಬಿನ ಮೂಲಕ ಈ ಡಬ್ಬಿಗೆ ಬರುತ್ತದೆ. ಗಾಳಿಯ ಒತ್ತಡ ಸ್ಪ್ರಿಂಗನ್ನು ಮೀರಿದಾಗ ಪರದೆ ಸರಿದು ಬಾಗಿಲು ತೆರೆಯುತ್ತದೆ.

ಅಡುಗೆಮನೆಯ ಕುಕ್ಕರ್ ನೆನೆಸಿಕೊಳ್ಳಿ. ಒಳಗಿನ ಹಬೆ ವೆಯ್ಟನ್ನು ಎತ್ತುವಷ್ಟಾದಾಗ ಸೀಟಿ ಹೊಡೆಯುತ್ತದೆ. ವೆಯ್ಟ್ ಎಷ್ಟು ಭಾರವಿರಬೇಕು ಎಂದು ಕುಕ್ಕರ್ ಮಾಡಿದವರು ಪಾತ್ರೆಯ ದಪ್ಪ ನೋಡಿ ತೀರ್ಮಾನಿಸಿರುತ್ತಾರೆ. ವೇಸ್ಟ್‌ಗೇಟಿನ ಸ್ಪ್ರಿಂಗ್ ಕೂಡ ಹಾಗೆಯೇ. ಹೊರಗಿನ ಗಾಳಿಗಿಂತ ಹೆಚ್ಚಾಗಿ ಒತ್ತಿದ ಪ್ರಮಾಣಕ್ಕೆ ಬೂಸ್ಟ್ ಎನ್ನುತ್ತಾರೆ. ಅದನ್ನು ಬಾರ್‌ನಲ್ಲಿ ಅಳೆಯುತ್ತಾರೆ. ಸಮುದ್ರಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಬಾರ್. 0.5 ಬಾರ್ ಬೂಸ್ಟ್ ಎಂದರೆ ಒಟ್ಟು 1.5 ಬಾರ್ ಒತ್ತಡದ ಗಾಳಿ ಇಂಜಿನ್‌ಗೆ ಹೋಗುತ್ತಿದೆ ಎಂದರ್ಥ.

ಕಂಟ್ರೋಲರ್ ಹೇಳುವ ಸುಳ್ಳು

ಮ್ಯಾನುವಲ್ ಬೂಸ್ಟ್ ಕಂಟ್ರೋಲರನ್ನು ಕೂರಿಸುವುದು ಆ ಸಣ್ಣ ರಬ್ಬರ್ ಟ್ಯೂಬಿನ ಮಧ್ಯದಲ್ಲಿ. ಟರ್ಬೊಗೂ ಅದು ಏನೂ ಮಾಡುವುದಿಲ್ಲ, ಇಂಜಿನ್‌ಗೂ ಏನೂ ಮಾಡುವುದಿಲ್ಲ. ಆಕ್ಚುಯೇಟರ್‌ಗೆ ಹೋಗುವ ವರದಿಯನ್ನು ಮಾತ್ರ ತಿದ್ದುತ್ತದೆ. ನಿಜವಾದ ಒತ್ತಡ 0.8 ಇದ್ದರೂ ಆಕ್ಚುಯೇಟರ್‌ಗೆ ಇನ್ನೂ 0.5 ಆಗಿಲ್ಲ ಎಂದು ತಿಳಿಸುತ್ತದೆ. ಬಾಗಿಲು ಮುಚ್ಚಿಯೇ ಇರುತ್ತದೆ. ಬೂಸ್ಟ್ ಏರುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಬ್ಲೀಡ್ ವಾಲ್ವ್. ಟ್ಯೂಬಿನಲ್ಲಿ ಬರುವ ಗಾಳಿಯ ಸ್ವಲ್ಪ ಪಾಲನ್ನು ಇದು ಹೊರಗೆ ಸೋರಲು ಬಿಡುತ್ತದೆ. ಉಳಿದದ್ದು ಮಾತ್ರ ಡಬ್ಬಿಗೆ ಮುಟ್ಟುತ್ತದೆ. ಸ್ಕ್ರೂ ಸಡಿಲಿಸಿದಷ್ಟೂ ಸೋರಿಕೆ ಹೆಚ್ಚು, ಬೂಸ್ಟ್ ಹೆಚ್ಚು. ಆದರೆ ಸ್ವಲ್ಪ ಒತ್ತಡ ಮೊದಲಿನಿಂದಲೇ ಡಬ್ಬಿಗೆ ಬರುತ್ತಿರುವುದರಿಂದ ಬಾಗಿಲು ಗುರಿ ಮುಟ್ಟುವ ಮೊದಲೇ ನಿಧಾನವಾಗಿ ತೆರೆಯಲು ಶುರುವಾಗುತ್ತದೆ.

ಎರಡನೆಯದು ಬಾಲ್ ಮತ್ತು ಸ್ಪ್ರಿಂಗ್ ಇರುವುದು. ಒಳಗೆ ಒಂದು ಉಕ್ಕಿನ ಗುಂಡು ದಾರಿಗೆ ಅಡ್ಡ ಕೂತಿರುತ್ತದೆ, ಹಿಂದಿನಿಂದ ಸ್ಪ್ರಿಂಗ್ ಅದನ್ನು ಒತ್ತಿರುತ್ತದೆ. ನಿಗದಿಯಾದ ಒತ್ತಡ ಬರುವವರೆಗೆ ಡಬ್ಬಿಗೆ ಗಾಳಿಯೇ ಹೋಗುವುದಿಲ್ಲ. ಸ್ಕ್ರೂ ಬಿಗಿ ಮಾಡಿದಷ್ಟೂ ಗುಂಡು ಸರಿಯಲು ಹೆಚ್ಚು ಒತ್ತಡ ಬೇಕು. ಬಾಗಿಲು ಕೊನೆಯವರೆಗೆ ಗಟ್ಟಿಯಾಗಿ ಮುಚ್ಚಿರುವುದರಿಂದ ಪೂರ್ತಿ ಹೊಗೆ ಟರ್ಬೊ ಚಕ್ರಕ್ಕೇ ಸಿಗುತ್ತದೆ. ಆದ್ದರಿಂದ ಬೂಸ್ಟ್ ಬೇಗ ಏರುತ್ತದೆ. ಆಕ್ಸಿಲರೇಟರ್ ಒತ್ತಿದ ಮೇಲೆ ಟರ್ಬೊ ಎಚ್ಚರಗೊಳ್ಳಲು ಹಿಡಿಯುವ ಸಮಯ ಕಡಿಮೆಯಾದಂತೆ ಅನಿಸುತ್ತದೆ. ಇಂಥ ವಾಲ್ವ್‌ನಲ್ಲಿ ಒಂದು ಸೂಜಿಮೊನೆಯಷ್ಟು ರಂಧ್ರ ಇರಬೇಕು. ಇಲ್ಲದಿದ್ದರೆ ಡಬ್ಬಿಗೆ ಹೋದ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ, ಬಾಗಿಲು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ.

ಎರಡೂ ಬಗೆಗೆ ಒಂದು ನಿಯಮ ಸಾಮಾನ್ಯ. ಇವುಗಳಿಂದ ಬೂಸ್ಟ್ ಏರಿಸಬಹುದೇ ಹೊರತು ವೇಸ್ಟ್‌ಗೇಟ್ ಸ್ಪ್ರಿಂಗಿನ ಮೂಲ ಒತ್ತಡಕ್ಕಿಂತ ಕೆಳಗೆ ಇಳಿಸಲು ಸಾಧ್ಯವಿಲ್ಲ.

ಲಾಭ ಎಷ್ಟು? ಲೆಕ್ಕ ಹಾಕೋಣ

ಬೂಸ್ಟ್ 0.5ರಿಂದ 0.8ಕ್ಕೆ ಏರಿದರೆ ಒಟ್ಟು ಒತ್ತಡ 1.5ರಿಂದ 1.8 ಆಯಿತು. ಅಂದರೆ ಶೇಕಡಾ 20 ಹೆಚ್ಚು ಗಾಳಿ, ಶೇಕಡಾ 20 ಹೆಚ್ಚು ಶಕ್ತಿ. ನನ್ನ ಅಣ್ಣ ಮಾಡಿದ್ದು ಇದೇ ಲೆಕ್ಕ. ನಾನೂ ತಲೆ ಅಲ್ಲಾಡಿಸಿದ್ದೆ.

ಈ ಲೆಕ್ಕದಲ್ಲಿ ಒಂದು ಖರ್ಚು ಬಿಟ್ಟುಹೋಗಿದೆ. ಅದು ಬಿಸಿ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಅದೇ ಜಾಗದಲ್ಲಿ ಕಡಿಮೆ ತೂಕದ ಗಾಳಿ ಹಿಡಿಯುತ್ತದೆ. ಸೈನ್ಸ್ ವಿಭಾಗದ ನನ್ನ ಗೆಳೆಯ ಈ ಲೆಕ್ಕ ಮಾಡಿಕೊಟ್ಟ. ನಮ್ಮ ಫಿಸಿಕ್ಸ್ ಮೇಡಂ ನೋಡಿ ತಿದ್ದಿದರು. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಟರ್ಬೊದ ಗಾಳಿಚಕ್ರದ ದಕ್ಷತೆ ಶೇಕಡಾ 70 ಎಂದು ಇಟ್ಟುಕೊಂಡರೆ:

0.5 ಬಾರ್ ಬೂಸ್ಟ್‌ನಲ್ಲಿ ಗಾಳಿ ಸುಮಾರು 83 ಡಿಗ್ರಿಗೆ ಏರುತ್ತದೆ. ಟರ್ಬೊ ಇಲ್ಲದಾಗಿನದಕ್ಕಿಂತ ಗಾಳಿಯ ತೂಕ ಸುಮಾರು ಶೇಕಡಾ 28 ಹೆಚ್ಚು.

0.8 ಬಾರ್‌ನಲ್ಲಿ ಸುಮಾರು 109 ಡಿಗ್ರಿ. ಗಾಳಿಯ ತೂಕ ಸುಮಾರು ಶೇಕಡಾ 43 ಹೆಚ್ಚು.

1.1 ಬಾರ್‌ನಲ್ಲಿ ಸುಮಾರು 132 ಡಿಗ್ರಿ. ಗಾಳಿಯ ತೂಕ ಸುಮಾರು ಶೇಕಡಾ 57 ಹೆಚ್ಚು.

ಒತ್ತಡ ಶೇಕಡಾ 110 ಏರಿದಾಗ ಗಾಳಿ ಏರಿದ್ದು ಅದರ ಸುಮಾರು ಅರ್ಧದಷ್ಟು ಮಾತ್ರ. 0.5ರಿಂದ 0.8ಕ್ಕೆ ಹೋದಾಗ ಶೇಕಡಾ 20 ಸಿಗುತ್ತದೆ ಎಂದುಕೊಂಡಿದ್ದೆವಲ್ಲ, ನಿಜವಾಗಿ ಸಿಗುವುದು ಶೇಕಡಾ 12ರಷ್ಟು. ಅರ್ಥಶಾಸ್ತ್ರದಲ್ಲಿ ಓದಿದ ಇಳಿಮುಖ ಪ್ರತಿಫಲದ ನಿಯಮ ಇಲ್ಲಿಯೂ ಇದೆ. ಇದು ಇಂಟರ್‌ಕೂಲರ್ ಇಲ್ಲದ ಲೆಕ್ಕ. ಇಂಟರ್‌ಕೂಲರ್ ಗಾಳಿಯನ್ನು ತಣಿಸಿ ಕಳೆದುಹೋದ ಲಾಭದಲ್ಲಿ ಒಂದು ಪಾಲನ್ನು ವಾಪಸು ಕೊಡುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಕಾರು ನಿಧಾನವಾಗಿ ಘಾಟಿ ಹತ್ತುವಾಗ ಅದರ ಮೇಲೆ ಬೀಸುವ ಗಾಳಿಯೇ ಕಡಿಮೆ.

ನಿಜವಾದ ಅಪಾಯ: ನಾಕ್

ಪೆಟ್ರೋಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬೇಕು. ಒಳಗಿನ ಗಾಳಿ ಬಹಳ ಬಿಸಿ, ಒತ್ತಡ ಬಹಳ ಹೆಚ್ಚು ಇದ್ದರೆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಇದಕ್ಕೆ ನಾಕ್ ಎನ್ನುತ್ತಾರೆ. ಹೊರಗೆ ಕೇಳುವಾಗ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಒಳಗೆ ಪಿಸ್ಟನ್ ಮೇಲೆ ಸುತ್ತಿಗೆ ಏಟು. ಮೊದಲು ಒಡೆಯುವುದು ಸಾಮಾನ್ಯವಾಗಿ ಪಿಸ್ಟನ್ ರಿಂಗುಗಳ ನಡುವಿನ ತೆಳು ಅಂಚು. ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಹೆಚ್ಚಿದ್ದಷ್ಟೂ ಅದು ನಾಕನ್ನು ಹೆಚ್ಚು ತಡೆಯುತ್ತದೆ. ಗಾಳಿ ಏರಿದಷ್ಟು ಪೆಟ್ರೋಲ್ ಏರದಿದ್ದರೆ, ಇಂಜೆಕ್ಟರ್ ಆಗಲೇ ತನ್ನ ಪೂರ್ಣ ಮಟ್ಟದಲ್ಲಿದ್ದರೆ, ಮಿಶ್ರಣ ತೆಳುವಾಗಿ ಉರಿ ಇನ್ನೂ ಬಿಸಿಯಾಗುತ್ತದೆ.

ಈ ಪಾಠವನ್ನು ಕಾರು ಕಂಪನಿಗಳು ಬೇಗನೆ ಕಲಿತವು. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಬಂತು. ನಾಕ್ ತಡೆಯಲು ಅದರಲ್ಲಿ ನೀರು ಮತ್ತು ಮೆಥನಾಲ್ ಬೆರೆತ ದ್ರವದ ಪ್ರತ್ಯೇಕ ಟ್ಯಾಂಕ್ ಇತ್ತು. ಆ ದ್ರವವನ್ನು ಆಗಾಗ ತುಂಬಿಸಬೇಕಿತ್ತು. ಎಷ್ಟೋ ಮಾಲೀಕರು ತುಂಬಿಸಲು ಮರೆತರು. ಖಾಲಿಯಾದಾಗ ಬೂಸ್ಟ್ ತಗ್ಗಿಸುವ ವ್ಯವಸ್ಥೆ ಇತ್ತು, ಆದರೆ ಜನರಿಗೆ ಈ ಗೋಜು ಬೇಡವಾಯಿತು. ಎರಡು ವರ್ಷದಲ್ಲಿ ಆ ಕಾರು ನಿಂತುಹೋಯಿತು.

ಸ್ವೀಡನ್ನಿನ ಸಾಬ್ ಕಂಪನಿ 1977ರಲ್ಲಿ 99 ಟರ್ಬೊ ಕಾರನ್ನು ಪರಿಚಯಿಸಿತು. ಎರಡು ಲೀಟರ್ ಇಂಜಿನ್, 145 ಹಾರ್ಸ್‌ಪವರ್, ಒತ್ತಡ ಹಿಡಿದಿಡಲು ವೇಸ್ಟ್‌ಗೇಟ್. ಕೆಲವು ವರ್ಷಗಳ ನಂತರ, 1980ರ ದಶಕದ ಆರಂಭದಲ್ಲಿ, ಅದೇ ಕಂಪನಿ ಎಪಿಸಿ ಎಂಬ ವ್ಯವಸ್ಥೆ ತಂದಿತು. ಇಂಜಿನ್‌ಗೆ ಒಂದು ಸೆನ್ಸರ್ ಅಂಟಿಸಿದರು. ಅದು ನಾಕ್ ಸದ್ದನ್ನು ಕೇಳುತ್ತದೆ. ಕೇಳಿಸಿದ ಕೂಡಲೇ ವೇಸ್ಟ್‌ಗೇಟಿನ ಟ್ಯೂಬಿನಲ್ಲಿರುವ ಒಂದು ಕರೆಂಟ್ ವಾಲ್ವ್ ಮೂಲಕ ಬೂಸ್ಟ್ ಇಳಿಸುತ್ತದೆ. ಗಮನಿಸಿ: ಆ ವಾಲ್ವ್ ಕೂತದ್ದು ನಮ್ಮ ಮ್ಯಾನುವಲ್ ಕಂಟ್ರೋಲರ್ ಕೂರುವ ದಾರಿಯಲ್ಲೇ. ಎರಡೂ ಮಾಡುವುದು ಅದೇ ಕೆಲಸ. ವ್ಯತ್ಯಾಸ ಒಂದೇ. ಅದಕ್ಕೆ ಕಿವಿ ಇದೆ, ಇದಕ್ಕೆ ಇಲ್ಲ.

ಈಗಿನ ಎಷ್ಟೋ ಟರ್ಬೊ ಕಾರುಗಳಲ್ಲಿ ಕಂಪ್ಯೂಟರ್ ಇಂಥ ಸೊಲೆನಾಯ್ಡ್ ವಾಲ್ವನ್ನು ಸೆಕೆಂಡಿಗೆ ಹಲವು ಬಾರಿ ತೆರೆದು ಮುಚ್ಚಿ ಬೂಸ್ಟನ್ನು ಹದದಲ್ಲಿಡುತ್ತದೆ. ಗಾಳಿಯ ಬಿಸಿ, ನಾಕ್, ಇಂಜಿನ್ ವೇಗ ಎಲ್ಲವನ್ನೂ ನೋಡಿ ನಿರ್ಧರಿಸುತ್ತದೆ. ಕೈ ಸ್ಕ್ರೂಗೆ ಡಿಸೆಂಬರ್ ಬೆಳಗಿನ ಚಳಿಯೂ ಒಂದೇ, ಏಪ್ರಿಲ್ ಮಧ್ಯಾಹ್ನವೂ ಒಂದೇ.

ಅರ್ಧ ಸುತ್ತು

ಈಗ ನಮ್ಮ ಮನೆಯ ಕಥೆ. ಖಾಲಾನ ಮಗ, ನನ್ನ ದೊಡ್ಡ ಭಾಯಿ, ಮೊಬೈಲ್ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ತೆಗೆದುಕೊಂಡರು. ಬೆಂಗಳೂರಿನಿಂದ ಅಂಗಡಿಗೆ ಮಾಲು ತರುವುದೂ ಅದರಲ್ಲೇ. ಮಾರ್ಚ್‌ನಲ್ಲಿ ಆನ್‌ಲೈನಲ್ಲಿ ಬಾಲ್ ಮತ್ತು ಸ್ಪ್ರಿಂಗಿನ ಕಂಟ್ರೋಲರ್ ತರಿಸಿದರು. ಮಾಮುಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಮಾಮು ಊಟಕ್ಕೆ ಹೋದಾಗ ಸೊಲೆನಾಯ್ಡಿನ ಟ್ಯೂಬ್ ಕಳಚಿ ನಾವೇ ಹಾಕಿದೆವು. ಇಪ್ಪತ್ತು ನಿಮಿಷದ ಕೆಲಸ.

ಕಾರು ನಿಜವಾಗಿಯೂ ಚುರುಕಾಯಿತು. ಸುಳ್ಳು ಹೇಳುವುದಿಲ್ಲ, ನಮಗೆ ಬಹಳ ಖುಷಿಯಾಯಿತು. ಎರಡು ಸಲ ಜೋರಾಗಿ ಹೋಗುವಾಗ ಕಾರು ಜರ್ಕ್ ಹೊಡೆದು ಚೆಕ್ ಇಂಜಿನ್ ದೀಪ ಹತ್ತಿತು. ಬೂಸ್ಟ್ ಮಿತಿ ಮೀರಿದಾಗ ಕಂಪ್ಯೂಟರ್ ಪೆಟ್ರೋಲ್ ತಡೆದು ಇಂಜಿನ್ ಉಳಿಸಲು ಮಾಡುವ ಕೆಲಸ ಅದು. ನಮಗೆ ಗೊತ್ತಿರಲಿಲ್ಲ. ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿ ದೀಪ ಆರಿಸಿದೆವು.

ಏಪ್ರಿಲ್‌ನಲ್ಲಿ ಮಲ್ಪೆ ಬೀಚಿಗೆ ಹೋಗುವುದೆಂದಾಯಿತು. ಹೊರಡುವ ಹಿಂದಿನ ರಾತ್ರಿ ಭಾಯಿ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಬಾನೆಟ್ ಎತ್ತಿ ಸ್ಕ್ರೂವನ್ನು ಇನ್ನೊಂದು ಅರ್ಧ ಸುತ್ತು ಬಿಗಿ ಮಾಡಿದೆ. ಯಾರಿಗೂ ಹೇಳಲಿಲ್ಲ. ಘಾಟಿಯಲ್ಲಿ ಕಾರು ಹಾರುವುದನ್ನು ನೋಡಿ ಭಾಯಿ ಆಶ್ಚರ್ಯಪಡಲಿ ಎಂದುಕೊಂಡಿದ್ದೆ.

ಸಂಜೆ ವಾಪಸು ಬರುವಾಗ ಐದು ಜನ, ಎಸಿ ಆನ್, ಟ್ಯಾಂಕಿನಲ್ಲಿ ಸಾದಾ ಪೆಟ್ರೋಲ್. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತತೊಡಗಿದೆವು. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಘಾಟಿ. ಐದಾರು ತಿರುವು ಕಳೆಯುವಷ್ಟರಲ್ಲಿ ಆ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬಂತು. ಭಾಯಿ ಪಾಟಾ ಸಡಿಲವಾಗಿರಬೇಕು ಎಂದರು. ಇನ್ನೆರಡು ತಿರುವಿನ ನಂತರ ಇಂಜಿನ್ ನಡುಗತೊಡಗಿತು, ಹಿಂದೆ ನೀಲಿ ಹೊಗೆ. ಹಿಂದಿನ ಸೀಟಿನಲ್ಲಿ ಖಾಲಾ, ಅಮ್ಮಿ ಇದ್ದರು. ಕತ್ತಲಾಗುತ್ತಿತ್ತು. ತಿರುವಿನ ಅಂಚಿನಲ್ಲಿ ಕಾರು ನಿಲ್ಲಿಸಿ ಟೋಯಿಂಗ್ ಗಾಡಿ ಬರುವವರೆಗೆ ಎರಡೂವರೆ ಗಂಟೆ ಕೂತೆವು. ಬಸ್ಸು, ಲಾರಿಗಳು ನಮ್ಮನ್ನು ಸವರಿಕೊಂಡು ಇಳಿಯುತ್ತಿದ್ದವು. ಖಾಲಾ ಒಂದು ಮಾತೂ ಆಡಲಿಲ್ಲ.

ಮರುದಿನ ಮಾಮು ಕಂಪ್ರೆಷನ್ ಗೇಜ್ ಹಾಕಿ ನೋಡಿದರು. ಉಳಿದ ಸಿಲಿಂಡರ್‌ಗಳು ಸರಿಯಾಗಿದ್ದವು. ಒಂದರಲ್ಲಿ ಒತ್ತಡ ಅವುಗಳ ಅರ್ಧವೂ ಇರಲಿಲ್ಲ. ಹೆಡ್ ಬಿಚ್ಚಿದಾಗ ಆ ಸಿಲಿಂಡರಿನ ಗೋಡೆಯಲ್ಲಿ ಉದ್ದಕ್ಕೆ ಗೀರು. ಪಿಸ್ಟನ್ ಹೊರಗೆ ತೆಗೆದರೆ ಅದರ ಅಂಚು ಚೂರಾಗಿತ್ತು. ಆಮೇಲೆ ಅವರು ಕಂಟ್ರೋಲರನ್ನು ಕಳಚಿ, ಗ್ಯಾರೇಜಿನ ಗಾಳಿ ಪೈಪಿಗೆ ಜೋಡಿಸಿ, ಪಕ್ಕದಲ್ಲಿ ಮೀಟರ್ ಇಟ್ಟು ನಿಧಾನವಾಗಿ ಒತ್ತಡ ಏರಿಸಿದರು. ಗುಂಡು ಸರಿದದ್ದು 1.1 ಬಾರ್‌ಗೆ. ಕಾರಿನ ಆಕ್ಚುಯೇಟರ್ ಸ್ಪ್ರಿಂಗ್ ತೆರೆಯುವುದು 0.6ಕ್ಕೆ.

“ನಾನು 0.8 ಇರಬಹುದು ಅಂದುಕೊಂಡಿದ್ದೆ” ಎಂದರು ಭಾಯಿ.

ನಾನು, “ಮಾಮು, ಅರ್ಧ ಸುತ್ತು ಸಡಿಲ ಮಾಡಿ ನೋಡಿ” ಎಂದೆ. ಮಾಮು ಮಾಡಿದರು. ಈಗ 0.9ಕ್ಕೆ ಸರಿಯಿತು. ಅವರು ಮೀಟರ್ ಕೆಳಗಿಟ್ಟು ನನ್ನ ಮುಖ ನೋಡಿದರು. ಅಲ್ಲಿಗೆ ಎಲ್ಲರಿಗೂ ಅರ್ಥವಾಯಿತು. ಬೈಯ್ಯುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಇಷ್ಟೇ: “ಇಸ್ ಸ್ಕ್ರೂ ಕೋ ಹಿಸಾಬ್ ನೈ ಮಾಲೂಮ್ ಬೇಟಾ. ಹಿಸಾಬ್ ತೋ ತುಝೆ ಮಾಲೂಮ್ ಹೋನಾ.” ಈ ಸ್ಕ್ರೂಗೆ ಲೆಕ್ಕ ಗೊತ್ತಿಲ್ಲ ಮಗನೇ, ಲೆಕ್ಕ ನಿನಗೆ ಗೊತ್ತಿರಬೇಕಿತ್ತು ಎಂದು.

ಬಿಲ್

ಆ ಬಿಲ್ಲನ್ನು ನಾನೇ ಬರೆದೆ. ಕಂಟ್ರೋಲರ್ ಮತ್ತು ಟ್ಯೂಬ್ 1,600 ರೂಪಾಯಿ. ಟೋಯಿಂಗ್ 7,000. ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ 41,000. ಲೇತ್ ಕೆಲಸ 9,500. ಆಯಿಲ್, ಕೂಲೆಂಟ್, ಫಿಲ್ಟರ್ 5,200. ಕೈಯಿಂದ ಹೋದದ್ದು ಒಟ್ಟು 64,300 ರೂಪಾಯಿ. ಮಾಮು ಮಜೂರಿ ಹಾಕಬೇಡ ಎಂದರು. ಬೇರೆ ಗಿರಾಕಿಗಾದರೆ 18,000 ಆಗುತ್ತಿತ್ತು. ಅರ್ಥಶಾಸ್ತ್ರದಲ್ಲಿ ಇದನ್ನು ಅವ್ಯಕ್ತ ವೆಚ್ಚ ಎನ್ನುತ್ತೇವೆ. ಪುಸ್ತಕದಲ್ಲಿ ಬರೆಯದಿದ್ದರೂ ಯಾರೋ ಒಬ್ಬರು ಅದನ್ನು ಕೊಟ್ಟಿರುತ್ತಾರೆ. ಅದನ್ನೂ ಸೇರಿಸಿದರೆ 82,300.

ಭಾಯಿ ಬಸ್ ಸ್ಟ್ಯಾಂಡ್ ಹತ್ತಿರ ಎರಡನೇ ಅಂಗಡಿಗೆ ಅಡ್ವಾನ್ಸ್ ಕೊಡಲು ಹಣ ಕೂಡಿಟ್ಟಿದ್ದರು. ಆ ಹಣ ಇಂಜಿನ್‌ಗೆ ಹೋಯಿತು. ಅಂಗಡಿ ಬೇರೆಯವರ ಪಾಲಾಯಿತು. ಭಾಯಿ ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಲಿಲ್ಲ. ಅದೇ ನನಗೆ ಕಷ್ಟ. ಈಗ ಭಾನುವಾರಗಳಂದು ಅವರ ಅಂಗಡಿಯ ಸ್ಟಾಕ್ ಪುಸ್ತಕ ನಾನು ನೋಡಿಕೊಳ್ಳುತ್ತೇನೆ. ಸಂಬಳ ಕೇಳಿಲ್ಲ.

ಇನ್ಶೂರೆನ್ಸ್ ಇರಲಿಲ್ಲವೇ ಎಂದು ಅಬ್ಬಾ ಕೇಳಿದರು. ಇತ್ತು. ಆದರೆ ಸಾಮಾನ್ಯ ವಾಹನ ವಿಮೆಯಲ್ಲಿ ಇಂಜಿನ್ ಒಳಗಿನ ಯಾಂತ್ರಿಕ ಕೆಡುಕು ಸೇರುವುದಿಲ್ಲ. ಮೇಲಾಗಿ ವಾಹನವನ್ನು ಬದಲಾಯಿಸಿ ಕಂಪನಿಗೆ ತಿಳಿಸದೆ ಇದ್ದರೆ ಬೇರೆ ಕ್ಲೇಮ್‌ಗೂ ತಕರಾರು ಬರಬಹುದು. ಕಾನೂನು ಕೂಡ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಬೈಕಿನ ಸೈಲೆನ್ಸರ್ ಬದಲಾಯಿಸಲು ಯೋಚಿಸುತ್ತಿರುವ ಗೆಳೆಯರೂ ಈ ಸಾಲನ್ನು ಇನ್ನೊಮ್ಮೆ ಓದಿ.

ಹಾಗಾದರೆ ಈ ಸಾಮಾನು ಕೆಟ್ಟದ್ದೇ?

ಅಲ್ಲ ಎನ್ನುತ್ತಾರೆ ಮಾಮು. ಅದು ಸರಳ, ಅಗ್ಗ, ಕೆಡುವ ಭಾಗ ಕಡಿಮೆ. ಕಂಪ್ಯೂಟರ್ ಬೂಸ್ಟ್ ನಿಯಂತ್ರಿಸದ ಹಳೆಯ ಟರ್ಬೊ ಪೆಟ್ರೋಲ್ ಕಾರುಗಳನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವವರು ಅದನ್ನು ಬಳಸುತ್ತಾರೆ. ಆದರೆ ಅವರ ಕ್ರಮ ಬೇರೆ. ಮೊದಲು ಬೂಸ್ಟ್ ಮೀಟರ್ ಹಾಕುತ್ತಾರೆ. ಗಾಳಿ ಮತ್ತು ಪೆಟ್ರೋಲ್ ಅನುಪಾತ ಅಳೆಯುತ್ತಾರೆ. ಸ್ಕ್ರೂವನ್ನು ಅತಿ ಕಡಿಮೆ ಮಟ್ಟದಿಂದ ಶುರುಮಾಡಿ ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿ, ಪ್ರತಿ ಸಲ ಓಡಿಸಿ, ಬರೆದುಕೊಳ್ಳುತ್ತಾರೆ. ಮೇಲಿನ ಗೇರಿನಲ್ಲಿ ಇಂಜಿನ್ ಮೇಲೆ ಭಾರ ಹೆಚ್ಚು ಹೊತ್ತು ಬೀಳುವುದರಿಂದ ಬೂಸ್ಟ್ ಇನ್ನಷ್ಟು ಏರಬಹುದು ಎಂದು ಅವರಿಗೆ ಗೊತ್ತು. ಅದಕ್ಕೆ ತಕ್ಕ ಪೆಟ್ರೋಲ್, ಇಂಜೆಕ್ಟರ್, ಇಂಟರ್‌ಕೂಲರ್ ಇಟ್ಟುಕೊಂಡಿರುತ್ತಾರೆ. ಹೊಸ ಕಾರುಗಳಲ್ಲಿ ಹಲವಕ್ಕೆ ವೇಸ್ಟ್‌ಗೇಟನ್ನು ಎಲೆಕ್ಟ್ರಿಕ್ ಮೋಟಾರೇ ನಡೆಸುತ್ತದೆ. ಅಲ್ಲಿ ಆ ರಬ್ಬರ್ ಟ್ಯೂಬೇ ಇಲ್ಲ, ಈ ಸಾಮಾನು ಹಾಕಲು ಜಾಗವೂ ಇಲ್ಲ. ಈಗಿನ ಡೀಸೆಲ್ ಕಾರುಗಳ ಟರ್ಬೊಗಳಲ್ಲಿ ಹಲವು ವೇಸ್ಟ್‌ಗೇಟ್ ಬದಲು ತಿರುಗುವ ರೆಕ್ಕೆಗಳಿಂದ ಬೂಸ್ಟ್ ನಿಯಂತ್ರಿಸುತ್ತವೆ. ಅದರ ಲೆಕ್ಕವೇ ಬೇರೆ.

ನಮ್ಮ ತಪ್ಪು ಬೂಸ್ಟ್ ಏರಿಸಿದ್ದಷ್ಟೇ ಅಲ್ಲ. ಅಳೆಯದೆ ಏರಿಸಿದ್ದು. ಮೀಟರ್ ಇಲ್ಲದೆ ಸ್ಕ್ರೂ ತಿರುಗಿಸುವುದು ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿದಂತೆ. ನಮ್ಮ ತರಗತಿಯಲ್ಲಿ ಆಡಿಟ್ ಬಗ್ಗೆ ಪಾಠ ಆದಾಗ ನನಗೆ ಈ ಟ್ಯೂಬೇ ನೆನಪಾಯಿತು. ಮೇಲಿನವರಿಗೆ ಹೋಗುವ ವರದಿಯನ್ನು ತಿದ್ದಿದರೆ ಸ್ವಲ್ಪ ದಿನ ಲಾಭ ಚೆನ್ನಾಗಿಯೇ ಕಾಣುತ್ತದೆ. ಅಷ್ಟರಲ್ಲಿ ಒಳಗೆ ಅಂಚು ಒಡೆಯುತ್ತಿರುತ್ತದೆ.

ಆ ಪಿಸ್ಟನ್ ಈಗ ಮಾಮುವಿನ ಮೇಜಿನ ಮೇಲಿದೆ. ಬಿಲ್ ಪುಸ್ತಕದ ಹಾಳೆ ಫ್ಯಾನಿನ ಗಾಳಿಗೆ ಹಾರದಂತೆ ಅದನ್ನೇ ಇಡುತ್ತೇನೆ. ಕಂಟ್ರೋಲರ್ ಡ್ರಾಯರಿನಲ್ಲಿದೆ. ಅದಕ್ಕೆ ಮಾಮು ಒಂದು ಚೀಟಿ ಕಟ್ಟಿದ್ದಾರೆ. ಚೀಟಿಯಲ್ಲಿ ಎರಡೇ ಸಂಖ್ಯೆಗಳಿವೆ: 0.9 ಮತ್ತು 1.1.

ಲೇಖನದಲ್ಲಿ ತಪ್ಪಿದ್ದರೆ ಸೈನ್ಸ್ ವಿಭಾಗದ ಗೆಳೆಯರು, ಉಪನ್ಯಾಸಕರು ತಿದ್ದಬೇಕಾಗಿ ಕೋರುತ್ತೇನೆ. ಬಿಲ್ಲಿನ ಮೊತ್ತ ಮಾತ್ರ ಎರಡು ಸಲ ಕೂಡಿ ನೋಡಿದ್ದೇನೆ, ಅದು ಸರಿಯಾಗಿದೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ